‘ವರ್ಕ್’ ಎಂದರೆ ಕಾಯಕವೇ?

ನಮ್ಮ ಬಸವೇಶ್ವರನಗರದಲ್ಲಿ ಇಬ್ಬರು ಹೊಸದಾಗಿ ಪರಿಚಯವಾದರೆ ಮೊದಲು ಹೆಸರು ಕೇಳುತ್ತಾರೆ, ಅನಂತರ ಊರು ಕೇಳುತ್ತಾರೆ. ಮೂರನೆಯ ಪ್ರಶ್ನೆ ಎಲ್ಲರಿಗೂ ಒಂದೇ: ‘ಎಲ್ಲಿ ವರ್ಕ್ ಮಾಡ್ತಿದ್ದೀರಿ?’ ಇಂಗ್ಲಿಷಿನ ಗಂಧವಿಲ್ಲದ ಅಜ್ಜಿಯ ಬಾಯಲ್ಲಿಯೂ ಈ ‘ವರ್ಕ್’ ಇಂದು ಸಲೀಸಾಗಿ ಹೊರಡುತ್ತದೆ. ಒಂದು ಭಾಷೆ ಮತ್ತೊಂದರಿಂದ ಪದಗಳನ್ನು ಕಡ ತರುವುದು ದೋಷವೇನಲ್ಲ. ಆದರೆ ಕಡ ತಂದ ಒಂದು ಪದವು ಮನೆಯೊಳಗಿನ ಹತ್ತು ಪದಗಳನ್ನು ಹೊರಗೆ ಕಳುಹಿಸಿದರೆ ಅವುಗಳೊಡನೆ ಹತ್ತು ವಿಚಾರಗಳೂ ಹೊರಟುಹೋಗುತ್ತವೆ. ಬಸವಣ್ಣನವರ ಹೆಸರನ್ನು ಹೊತ್ತಿರುವ ಬಡಾವಣೆಯ ನಿವಾಸಿಗಳಾದ ನಾವು ಈ ಒಂದು ಪದದ ಬಗ್ಗೆ ಕೊಂಚ ಚಿಂತಿಸುವುದು ಉಚಿತವೆಂದು ಭಾವಿಸುತ್ತೇವೆ.

‘ವರ್ಕ್’ ಬಹಳ ಹಳೆಯ ಪದ. ಪ್ರಾಚೀನ ಇಂಗ್ಲಿಷಿನಲ್ಲಿಯೇ ಇದ್ದ ಈ ಪದ, ಗ್ರೀಕರ ‘ಎರ್ಗೋನ್’ ಎಂಬ ಪದದ ನೆಂಟ. ‘ಎನರ್ಜಿ’ ಎಂಬ ಮಾತು ಹುಟ್ಟಿದ್ದು ಅದೇ ‘ಎರ್ಗೋನ್’ನಿಂದ. ಇಂಗ್ಲಿಷಿನಲ್ಲಿ ಇದರ ವ್ಯಾಪ್ತಿ ದೊಡ್ಡದು. ಉಳುವವನ ಶ್ರಮವೂ ವರ್ಕ್, ಶೇಕ್ಸ್‌ಪಿಯರನ ನಾಟಕವೂ ವರ್ಕ್, ಯಂತ್ರ ಸರಿಯಾಗಿ ನಡೆದರೆ ಅದೂ ವರ್ಕ್. ಭೌತವಿಜ್ಞಾನವಂತೂ ಅದನ್ನು ಸೂತ್ರಕ್ಕೇ ಇಳಿಸಿದೆ. ಒಂದು ವಸ್ತುವಿನ ಮೇಲೆ ಬಲಪ್ರಯೋಗವಾಗಿ ಆ ವಸ್ತು ಸ್ಥಳಾಂತರಗೊಂಡರೆ ಮಾತ್ರ ಕೆಲಸ ನಡೆಯಿತು ಎಂದು ಪ್ರೌಢಶಾಲೆಯ ಮಕ್ಕಳು ಓದುತ್ತಾರೆ. ಆ ಲೆಕ್ಕದಲ್ಲಿ ಜ್ವರ ಬಂದ ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಇರುಳೆಲ್ಲ ಅಲುಗದೆ ಕುಳಿತ ತಾಯಿಯ ‘ವರ್ಕ್’ ಸೊನ್ನೆ! ವಿಜ್ಞಾನಕ್ಕೆ ಆ ವ್ಯಾಖ್ಯೆ ಅವಶ್ಯಕ, ಅದನ್ನು ಆಕ್ಷೇಪಿಸುವಂತಿಲ್ಲ. ಸಮಾಜವೂ ಅದೇ ಲೆಕ್ಕ ಹಿಡಿದರೆ ಗತಿಯೇನು?

ಇಂಗ್ಲಿಷರೇನೂ ಪದದಾರಿದ್ರ್ಯದಿಂದ ಬಳಲಿದವರಲ್ಲ. ಲ್ಯಾಟಿನ್ನಿನಿಂದ ಬಂದ ‘ಲೇಬರ್’ನಲ್ಲಿ ದಣಿವಿದೆ, ನೋವಿದೆ, ಆದ್ದರಿಂದಲೇ ಅವರು ಹೆರಿಗೆಯ ನೋವನ್ನೂ ಅದೇ ಪದದಿಂದ ಕರೆಯುತ್ತಾರೆ. ‘ವೊಕೇಶನ್’ ಎಂಬುದರ ಮೂಲಾರ್ಥ ಕರೆ. ಗುರುಮಠಗಳಲ್ಲಿ ನಾವು ಅದನ್ನೇ ‘ದೈವಕರೆ’ ಎನ್ನುತ್ತೇವೆ. ಆದರೆ ಹಡಗೇರಿ ನಮ್ಮಲ್ಲಿಗೆ ಬಂದ ‘ವರ್ಕ್’, ಬರುವಾಗ ತನ್ನ ಬಂಧುಬಳಗವನ್ನು ಕರೆತರಲಿಲ್ಲ. ಇಲ್ಲಿ ಅದಕ್ಕೆ ಉಳಿದದ್ದು ಒಂದೇ ಅರ್ಥ: ತಿಂಗಳ ಕೊನೆಗೆ ಸಂಬಳ ಬರುವ ನೌಕರಿ.

ಇನ್ನು ನಮ್ಮ ಪದಗಳತ್ತ ಹೊರಳೋಣ. ‘ದುಡಿಮೆ’ ಎಂದೊಡನೆ ಬೆವರು ಮತ್ತು ಗಳಿಕೆ ಎರಡೂ ನೆನಪಾಗುತ್ತವೆ. ‘ಗೇಮೆ’ ಹೊಲದ ಮಾತು. ಹಳೆಯ ಮೈಸೂರು ಸೀಮೆಯ ರೈತನಿಗೆ ಇಂದಿಗೂ ಅದು ಜೀವಂತ. ‘ಚಾಕರಿ’ ಪಾರಸಿಯಿಂದ ಬಂದದ್ದು, ಒಡೆಯನೊಬ್ಬನಿದ್ದರೆ ಮಾತ್ರ ಅದಕ್ಕೆ ಅರ್ಥ. ‘ಕಸುಬು’ ಅರಬ್ಬಿಯಿಂದ ಬಂದು ಕೈಚಳಕಕ್ಕೆ ಹೆಸರಾಯಿತು. ನಮ್ಮ ದುರದೃಷ್ಟದಿಂದ ಅದಕ್ಕೆ ಜಾತಿಯ ನೆರಳೂ ಅಂಟಿಕೊಂಡಿತು. ‘ಉದ್ಯೋಗ’ವು ಸರ್ಕಾರದ ಅರ್ಜಿಯ ಮಾತು. ಎಲ್ಲಕ್ಕಿಂತ ಸಾಮಾನ್ಯವಾದದ್ದು ‘ಕೆಲಸ’. 1956ರಲ್ಲಿ ಪೂರ್ಣಗೊಂಡ ವಿಧಾನಸೌಧದ ಮುಂಭಾಗದಲ್ಲಿ ‘ಸರ್ಕಾರದ ಕೆಲಸ ದೇವರ ಕೆಲಸ’ ಎಂದು ಕೆತ್ತಿಸುವಾಗ ಆರಿಸಿಕೊಂಡದ್ದು ಈ ಸರಳ ಪದವನ್ನೇ.

ಆದರೆ ದೇವರಿಗೂ ಸಲ್ಲುವ ಈ ‘ಕೆಲಸ’ ನಮ್ಮ ಮನೆಗಳಲ್ಲಿ ಏನಾಗಿದೆ, ನೋಡಿರಿ. ಬೆಳಿಗ್ಗೆ ಎಂಟಕ್ಕೆ ಕಚೇರಿಗೆ ಹೊರಡುವ ಗೃಹಿಣಿ ‘ವರ್ಕಿಂಗ್ ವುಮನ್’. ಅದೇ ಹೊತ್ತಿಗೆ ಆಕೆಯ ಮನೆಗೆ ಬಂದು ಪಾತ್ರೆ ತೊಳೆದು ನೆಲ ಒರೆಸುವವಳು ‘ಕೆಲಸದವಳು’. ಅಕ್ಷರಾರ್ಥದಲ್ಲಿ ಎರಡೂ ಒಂದೇ ಮಾತು! ಇಂಗ್ಲಿಷಿನಲ್ಲಿ ಹೇಳಿದಾಗ ಗೌರವ, ಕನ್ನಡದಲ್ಲಿ ಹೇಳಿದಾಗ ಏಕವಚನ. ಆ ಎರಡು ಪದಗಳ ನಡುವೆ ಇಡೀ ದಿನವನ್ನು ಅಡುಗೆಮನೆಯಲ್ಲಿ ಕಳೆಯುವ ಮೂರನೆಯ ಹೆಣ್ಣುಮಗಳೊಬ್ಬಳಿದ್ದಾಳೆ. ಅವಳಿಗೆ ಯಾವ ಪದವೂ ಇಲ್ಲ. ‘ನಿಮ್ಮ ಮನೆಯವರು ವರ್ಕ್ ಮಾಡ್ತಾರಾ?’ ಎಂದು ಕೇಳಿದರೆ ಗಂಡ ಹೇಳುವ ಉತ್ತರ ‘ಇಲ್ಲ, ಮನೆಯಲ್ಲಿ ಸುಮ್ಮನೆ ಇದ್ದಾಳೆ’. 2019ರಲ್ಲಿ ಕೇಂದ್ರ ಸರ್ಕಾರವು ನಡೆಸಿದ ಕಾಲಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಮಹಿಳೆಯರು ಅದಕ್ಕಾಗಿ ದಿನಕ್ಕೆ ಸರಾಸರಿ 299 ನಿಮಿಷಗಳನ್ನು ವ್ಯಯಿಸಿದರೆ, ಪುರುಷರು ವ್ಯಯಿಸಿದ್ದು 97 ನಿಮಿಷಗಳನ್ನು. ಐದು ಗಂಟೆಗಳ ಈ ಪರಿಶ್ರಮಕ್ಕೆ ‘ಸುಮ್ಮನೆ ಇರುವುದು’ ಎಂದು ಹೆಸರಿಟ್ಟವರು ನಾವು.

ಪುರುಷರಿಗೂ ಈ ಪದ ಕ್ಷೇಮ ತಂದಿಲ್ಲ. 1960ರ ದಶಕದಿಂದ ದೇಶಕ್ಕೆಲ್ಲ ವೇಳೆ ತಿಳಿಸಿದ ಎಚ್.ಎಂ.ಟಿ. ಕೈಗಡಿಯಾರ ಸಂಸ್ಥೆಯನ್ನು ಮುಚ್ಚಲು ಕೇಂದ್ರ ಸಚಿವ ಸಂಪುಟ 2016ರ ಜನವರಿಯಲ್ಲಿ ತೀರ್ಮಾನಿಸಿತು. ಕಾಮಾಕ್ಷಿಪಾಳ್ಯ, ಪೀಣ್ಯಗಳ ಸಣ್ಣ ಕಾರ್ಖಾನೆಗಳಲ್ಲಿ ಆರ್ಡರು ನಿಂತರೆ ಲೇತು ಯಂತ್ರವೂ ನಿಲ್ಲುತ್ತದೆ. ನೌಕರಿ ಹೋದ ಅಥವಾ ನಿವೃತ್ತನಾದ ಗೃಹಸ್ಥನಿಗೆ ಹಣದ ಚಿಂತೆಯಷ್ಟೇ ದೊಡ್ಡ ಚಿಂತೆ ಆ ಮೂರನೆಯ ಪ್ರಶ್ನೆಯದು. ಅದಕ್ಕೆ ಅಂಜಿ ಮದುವೆಮನೆಗೆ ಹೋಗುವುದನ್ನು ನಿಲ್ಲಿಸಿದವರನ್ನು, ಭಾನುವಾರದ ಬಲಿಪೂಜೆ ಮುಗಿಯುವ ಮೊದಲೇ ಹಿಂದಿನ ಬಾಗಿಲಿನಿಂದ ಹೊರಟುಬಿಡುವವರನ್ನು ನಾವು ಕಂಡಿದ್ದೇವೆ. ‘ವರ್ಕ್ ಇಲ್ಲ’ ಎಂಬ ಮಾತು ಅವರ ಕಿವಿಗೆ ‘ನೀನೇ ಇಲ್ಲ’ ಎಂದು ಕೇಳಿಸುತ್ತದೆ.

ಇಲ್ಲಿ ನಮಗೆ ಒದಗಿಬರುವ ಪದ ‘ಕಾಯಕ’. ಕಾಯವೆಂದರೆ ದೇಹ, ದೇಹದಿಂದ ಮಾಡುವುದು ಕಾಯಕ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಶರಣರು ಈ ಪದಕ್ಕೆ ಹೊಸ ಪ್ರಾಣ ಕೊಟ್ಟರು. ನುಲಿಯ ಚಂದಯ್ಯನವರು ಹಗ್ಗ ಹೊಸೆದರು, ಮೋಳಿಗೆ ಮಾರಯ್ಯನವರು ಸೌದೆ ಹೊತ್ತರು, ಆಯ್ದಕ್ಕಿ ಮಾರಯ್ಯನವರು ನೆಲಕ್ಕೆ ಬಿದ್ದ ಅಕ್ಕಿಯ ಕಾಳುಗಳನ್ನು ಆಯ್ದರು. ಆ ಅನುಭಾವಿಗಳ ಹೆಸರುಗಳಲ್ಲಿಯೇ ಅವರ ಕಾಯಕ ಸೇರಿಕೊಂಡಿದೆ, ಯಾರೂ ಅದನ್ನು ಅವಮಾನವೆಂದು ಬಗೆಯಲಿಲ್ಲ. ‘ವರ್ಕ್’ ಕೇಳುವ ಪ್ರಶ್ನೆ ‘ಏನು ಸಿಗುತ್ತದೆ?’ ಎಂಬುದಾದರೆ, ‘ಕಾಯಕ’ ಕೇಳುವ ಪ್ರಶ್ನೆ ‘ಯಾರಿಗಾಗಿ, ಯಾವ ಮನಸ್ಸಿನಿಂದ?’ ಎಂಬುದು.

ಧರ್ಮಸಭೆಯೂ ಬೇರೊಂದು ದಾರಿಯಿಂದ ಇದೇ ಮಾತಿಗೆ ಬಂದು ತಲಪಿದೆ. ಯೌವನದಲ್ಲಿ ಕಲ್ಲುಗಣಿಯಲ್ಲಿಯೂ ರಾಸಾಯನಿಕ ಕಾರ್ಖಾನೆಯಲ್ಲಿಯೂ ದುಡಿದಿದ್ದ ಜಗದ್ಗುರು ದ್ವಿತೀಯ ಜಾನ್ ಪಾಲರು 1981ರ ಸೆಪ್ಟೆಂಬರಿನಲ್ಲಿ ಮನುಷ್ಯನ ದುಡಿಮೆಯನ್ನು ಕುರಿತೇ ಒಂದು ವಿಶ್ವಪತ್ರವನ್ನು ಬರೆದರು. ಕೆಲಸದ ಬೆಲೆಯನ್ನು ಅದರಿಂದ ಹೊರಬಂದ ವಸ್ತುವಿನಿಂದ ಮಾತ್ರ ಅಳೆಯಲಾಗದು. ಮಾಡುವವನು ಮನುಷ್ಯನಾದ್ದರಿಂದ ಅದಕ್ಕೆ ಘನತೆ ಬಂದಿದೆ. ಕೆಲಸವಿರುವುದು ಮನುಷ್ಯನಿಗಾಗಿ ಎಂಬುದು ಅದರ ತಿರುಳು. ನಜರೇತಿನ ಜನ ಪ್ರಭುವನ್ನು ಹೀಗಳೆಯಲು ಬಳಸಿದ ಮಾತು ‘ಬಡಗಿ’ ಎಂಬುದು ಮಾರ್ಕನ ಶುಭಸಂದೇಶದಲ್ಲಿದೆ. ನಾವು ‘ಕೆಲಸದವಳು’ ಎನ್ನುವಾಗಿನ ದನಿಯೇ ಅಂದು ಅವರದೂ ಆಗಿತ್ತು.

ಒಂದು ಎಚ್ಚರಿಕೆ ಅವಶ್ಯಕ. ‘ಇದು ಸೇವೆ, ಇದು ಕಾಯಕ’ ಎಂದು ಹೇಳಿ ಕೂಲಿಯನ್ನು ಕಡಿಮೆ ಕೊಡುವ ಜಾಣತನ ಮನೆಗಳಲ್ಲಿಯೂ ಇದೆ, ಸಂಸ್ಥೆಗಳಲ್ಲಿಯೂ ಇದೆ. ನಮ್ಮ ಧಾರ್ಮಿಕ ಸಂಸ್ಥೆಗಳೂ ಈ ಮಾತಿಗೆ ಹೊರತಲ್ಲ. ಗಂಡ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮನವರು ಅದನ್ನು ಹಿಂದಕ್ಕೆ ಸುರಿದು ಬರಲು ಹೇಳಿದರೆಂಬ ಕಥೆ ಪ್ರಸಿದ್ಧ. ಸಲ್ಲದ್ದನ್ನು ಇಟ್ಟುಕೊಳ್ಳಬಾರದೆಂಬ ಆ ನ್ಯಾಯ ಕೂಲಿ ಕೊಡುವವನಿಗೂ ಅನ್ವಯಿಸುತ್ತದೆ. ತಡೆಹಿಡಿದ ಕೂಲಿಯೇ ದೇವರಿಗೆ ಮೊರೆಯಿಡುತ್ತದೆಂದು ಯಕೋಬನ ಪತ್ರವೂ ಎಚ್ಚರಿಸುತ್ತದೆ. ಕಾಯಕವೆಂಬ ಪದ ದುಡಿಯುವವನಿಗೆ ಗೌರವ ತರಬೇಕು, ದುಡಿಸಿಕೊಳ್ಳುವವನಿಗೆ ರಿಯಾಯಿತಿ ತರಬಾರದು.

‘ವರ್ಕ್’ ಎಂಬ ಪದವನ್ನು ಗಡೀಪಾರು ಮಾಡಿರೆಂದು ನಾವು ಹೇಳುತ್ತಿಲ್ಲ. ಕಚೇರಿಯಲ್ಲಿ ಅದು ಇರಲಿ. ಓದುಗರಲ್ಲಿ ನಮ್ಮ ವಿನಂತಿ ಇಷ್ಟೇ: ಮನೆಗೆ ಬಂದು ನೆರವಾಗುವ ಹೆಣ್ಣುಮಗಳನ್ನು ಹೆಸರು ಹಿಡಿದು, ‘ಅಮ್ಮಾ’ ಎಂದೋ ‘ಅಕ್ಕಾ’ ಎಂದೋ ಕರೆಯಿರಿ, ಅವಳ ಸಂಬಳವನ್ನು ಹೊತ್ತಿಗೆ ಸರಿಯಾಗಿ ಕೊಡಿರಿ. ಹೆಂಡತಿ ‘ಸುಮ್ಮನೆ ಇದ್ದಾಳೆ’ ಎಂಬ ಮಾತನ್ನು ಇಂದಿನಿಂದಲೇ ಬಿಡಿರಿ. ಹೊಸದಾಗಿ ಪರಿಚಯವಾದವರನ್ನು ಮೂರನೆಯ ಪ್ರಶ್ನೆಯಾಗಿ ‘ಮನೆಯಲ್ಲಿ ಎಲ್ಲರೂ ಕ್ಷೇಮವೇ?’ ಎಂದು ಕೇಳಿರಿ. ನೌಕರಿಯಿದ್ದವರೂ ಇಲ್ಲದವರೂ ಅದಕ್ಕೆ ತಲೆಯೆತ್ತಿ ಉತ್ತರಿಸಬಲ್ಲರು.