ವೀಣೆ ಹಿಡಿದು ಹೊರಟವರ ಮಗಳು

ರೂಮಿ ಹೆಸರಿನ ಒಂದು ಸಾಲನ್ನು ನಾವೆಲ್ಲ ಒಮ್ಮೆಯಾದ್ರೂ ಸ್ಟೇಟಸ್‌ಗೆ ಹಾಕಿರ್ತೀವಿ. ಆದರೆ ಸೂಫಿ ಚಿಂತನೆಯನ್ನು ಪಶ್ಚಿಮಕ್ಕೆ ಕೊಂಡೊಯ್ದ ಮೊದಲಿಗರಲ್ಲಿ ಭಾರತದ ಒಬ್ಬ ವೈಣಿಕರಿದ್ದರು ಅನ್ನೋದು ಗೊತ್ತಾ?

ಅವರು ಹಜರತ್ ಇನಾಯತ್ ಖಾನ್. ಹುಟ್ಟಿದ್ದು 1882ರಲ್ಲಿ, ಬರೋಡಾದಲ್ಲಿ. ತಾತ ಮೌಲಾ ಬಕ್ಷ್ ಮೈಸೂರು ಅರಮನೆಯಲ್ಲಿ ಗೌರವ ಪಡೆದ ಸಂಗೀತಗಾರ. ಅಜ್ಜಿ ಟಿಪ್ಪು ವಂಶದವರು ಅನ್ನೋದು ಆ ಮನೆತನದ ನಂಬಿಕೆ. 1910ರಲ್ಲಿ ಇನಾಯತ್ ಅಮೆರಿಕಕ್ಕೆ ಹೊರಟರು. ಅಲ್ಲಿ ಮೊದಲು ಕಛೇರಿ, ಆಮೇಲೆ ಮಾತು. ಸೂಫಿ ಮಾರ್ಗಕ್ಕೆ ಬರೋರು ಧರ್ಮ ಬದಲಿಸಬೇಕಿಲ್ಲ ಅಂದರು. ಸೂಫಿ ಪಂಥವನ್ನು ಇಸ್ಲಾಂನಿಂದ ಬಿಡಿಸಿಬಿಟ್ಟರು ಎಂಬ ಟೀಕೆ ಇಂದಿಗೂ ಇದೆ. ಅದನ್ನು ಸುಲಭವಾಗಿ ತಳ್ಳಿಹಾಕೋಕಾಗಲ್ಲ.

ಅವರು ಮದುವೆಯಾದದ್ದು ಅಮೆರಿಕದ ಓರಾ ರೇ ಬೇಕರ್‌ರನ್ನು. ಮಗಳು ನೂರ್ ಪ್ಯಾರಿಸ್ ಹತ್ತಿರ ಬೆಳೆದು, ಮಕ್ಕಳಿಗಾಗಿ ಬುದ್ಧನ ಜಾತಕ ಕಥೆಗಳನ್ನು ಬರೆದರು. ಅಹಿಂಸೆಯ ಪಾಠದಲ್ಲೇ ಬೆಳೆದವರು. 1940ರಲ್ಲಿ ನಾಜಿಗಳು ಫ್ರಾನ್ಸ್‌ಗೆ ನುಗ್ಗಿದಾಗ ಕುಟುಂಬ ಇಂಗ್ಲೆಂಡ್ ಸೇರಿತು. ನೂರ್ ಅಲ್ಲೇ ಸುಮ್ಮನಿರಬಹುದಿತ್ತು. ಇರಲಿಲ್ಲ.

1943ರ ಜೂನ್‌ನಲ್ಲಿ ಬ್ರಿಟನ್‌ನ ಗುಪ್ತ ರೇಡಿಯೋ ಆಪರೇಟರ್ ಆಗಿ ಪ್ಯಾರಿಸ್‌ಗೆ ಮರಳಿದರು. ಜೊತೆಗಾರರಲ್ಲಿ ಹೆಚ್ಚಿನವರು ಸಿಕ್ಕಿಬಿದ್ದರು. ವಾಪಸ್ ಬಾ ಅಂದರೂ ಬರಲಿಲ್ಲ. 1944ರ ಸೆಪ್ಟೆಂಬರ್‌ನಲ್ಲಿ ಡಾಖೌ ಶಿಬಿರದಲ್ಲಿ ನಾಜಿಗಳು ಅವರನ್ನು ಕೊಂದರು. ಆಗ ಅವರಿಗೆ 30, ಹೆಚ್ಚುಕಮ್ಮಿ ಈಗಿನ ನನ್ನ ವಯಸ್ಸು.

ಇಸ್ಲಾಂ ಮತ್ತು ಪಶ್ಚಿಮ ಹೊಂದಿಕೊಳ್ಳುತ್ತವಾ ಅಂತ ಟಿವಿಯಲ್ಲಿ ಚರ್ಚೆ ನಡೀತಾನೇ ಇರುತ್ತೆ. ಅಪ್ಪ ಆ ಮಾತುಕತೆ ಶುರು ಮಾಡಿದರು, ಮಗಳು ಅದಕ್ಕಾಗಿ ಜೀವ ಕೊಟ್ಟರು. ಲಂಡನ್‌ಗೆ ಆನ್‌ಸೈಟ್ ಹೋದ್ರೆ ಗಾರ್ಡನ್ ಸ್ಕ್ವೇರ್‌ನಲ್ಲಿರೋ ನೂರ್ ಪ್ರತಿಮೆ ನೋಡಿ ಬನ್ನಿ.