ಪಂಚಾಂಗದ ವರ್ಷ ಮತ್ತು ಲೆಕ್ಕದ ವರ್ಷ: ಹಬ್ಬ-ಉಪವಾಸಗಳ ತಿಥಿಯನ್ನು ವ್ಯಾಪಾರಸ್ಥರು ಏಕೆ ಗಮನಿಸಬೇಕು?

ಉದ್ಯಮಬಾಗದ ಫೌಂಡ್ರಿಯಾಗಲಿ, ಖಾನಾಪುರದ ಕಿರಾಣಿ ಅಂಗಡಿಯಾಗಲಿ, ಎರಡೂ ಕಡೆ ಎರಡು ವರ್ಷಗಳು ಏಕಕಾಲಕ್ಕೆ ನಡೆಯುತ್ತಿರುತ್ತವೆ. ಒಂದು, ಏಪ್ರಿಲ್ 1ರಿಂದ ಮಾರ್ಚ್ 31ರವರೆಗಿನ ಆರ್ಥಿಕ ವರ್ಷ. ಇನ್ನೊಂದು, ಯುಗಾದಿಯಿಂದ ಆರಂಭವಾಗುವ ಚಾಂದ್ರಮಾನ ಸಂವತ್ಸರ. ತೆರಿಗೆ ಇಲಾಖೆ, ಬ್ಯಾಂಕು ಮತ್ತು ಲೆಕ್ಕಪರಿಶೋಧಕರು ಮೊದಲನೆಯದನ್ನು ಅನುಸರಿಸುತ್ತಾರೆ. ಗಿರಾಕಿಗಳ ಖರೀದಿ, ಕಾರ್ಮಿಕರ ರಜೆ ಹಾಗೂ ಉಪವಾಸದ ಸಾಮಗ್ರಿಗಳ ಬೇಡಿಕೆ ಎರಡನೆಯದನ್ನು ಅನುಸರಿಸುತ್ತವೆ. ಇವೆರಡರ ನಡುವಿನ ಅಂತರವನ್ನು ಅರಿಯದೆ ಒಂದು ವರ್ಷದ ಅಂಕಿಗಳನ್ನು ಇನ್ನೊಂದು ವರ್ಷದ ಅಂಕಿಗಳೊಡನೆ ಹೋಲಿಸಿದರೆ ತಪ್ಪು ನಿರ್ಣಯಕ್ಕೆ ಬರುವ ಸಂಭವವಿದೆ.

ತಿಥಿ ಸರಿಯುವ ಬಗೆ

ಹನ್ನೆರಡು ಚಾಂದ್ರಮಾಸಗಳು ಸೇರಿದರೆ ಸುಮಾರು 354 ದಿನಗಳಾಗುತ್ತವೆ. ಸೌರವರ್ಷವು 365 ದಿನಗಳದ್ದು. ಆದುದರಿಂದ ಹಬ್ಬಗಳು ಪ್ರತಿವರ್ಷ ಸುಮಾರು 11 ದಿನ ಹಿಂದಕ್ಕೆ ಸರಿಯುತ್ತವೆ. ಈ ಅಂತರವನ್ನು ಸರಿಪಡಿಸಲು ಸುಮಾರು 32-33 ತಿಂಗಳಿಗೊಮ್ಮೆ ಅಧಿಕಮಾಸ ಬರುತ್ತದೆ. ಯಾವ ಚಾಂದ್ರಮಾಸದಲ್ಲಿ ಸೂರ್ಯನು ಹೊಸ ರಾಶಿಯನ್ನು ಪ್ರವೇಶಿಸುವುದಿಲ್ಲವೋ ಅದೇ ಅಧಿಕಮಾಸ. ಅಂಥ ವರ್ಷದಲ್ಲಿ, ಅಧಿಕಮಾಸದ ಅನಂತರದ ಹಬ್ಬಗಳು ಹಿಂದಿನ ವರ್ಷಕ್ಕಿಂತ ಸುಮಾರು 19 ದಿನ ಮುಂದಕ್ಕೆ ಹೋಗುತ್ತವೆ. ಬಲಿಪಾಡ್ಯಮಿಯ ದಿನಾಂಕಗಳು ಇದಕ್ಕೆ ಉತ್ತಮ ನಿದರ್ಶನ: 2023ರಲ್ಲಿ ನವೆಂಬರ್ 14, 2024ರಲ್ಲಿ ನವೆಂಬರ್ 2, 2025ರಲ್ಲಿ ಅಕ್ಟೋಬರ್ 22, 2026ರಲ್ಲಿ ನವೆಂಬರ್ 10.

ಎಲ್ಲ ಪ್ರಾಂತಗಳ ಗಣನೆಯೂ ಹೀಗಿಲ್ಲ. ಕೇರಳದ ಕೊಲ್ಲವರ್ಷ ಸೌರಮಾನದ್ದು. ಅಲ್ಲಿನ ವಿಷು ಏಪ್ರಿಲ್ 14 ಅಥವಾ 15ನ್ನು ಬಿಟ್ಟು ಕದಲುವುದಿಲ್ಲ. ಓಣಂ ನಕ್ಷತ್ರವನ್ನು ಅನುಸರಿಸಿದರೂ ಚಿಂಗಂ ಎಂಬ ಸೌರಮಾಸದೊಳಗೇ ಬರಬೇಕಾದುದರಿಂದ ಆಗಸ್ಟ್ ಮಧ್ಯದಿಂದ ಸೆಪ್ಟೆಂಬರ್ ಮಧ್ಯದವರೆಗಿನ ಮಿತಿಯನ್ನು ದಾಟುವುದಿಲ್ಲ. ಏಕಾದಶಿಯಂತಹ ಉಪವಾಸಗಳು ಮಾತ್ರ ಅಲ್ಲಿಯೂ ತಿಥಿಯನ್ನೇ ಅವಲಂಬಿಸಿವೆ. ಶಬರಿಮಲೆಯ ಮಂಡಲ ವ್ರತವು ವೃಶ್ಚಿಕ ಮಾಸದ ಮೊದಲ ದಿನ, ಅಂದರೆ ನವೆಂಬರ್ ಮಧ್ಯದಲ್ಲಿ ಆರಂಭವಾಗುತ್ತದೆ. ಆದ್ದರಿಂದ ಮಾಲಾಧಾರಿಗಳಿಗೆ ಬೇಕಾದ ಕಪ್ಪು ಬಟ್ಟೆ, ತೆಂಗಿನಕಾಯಿ, ತುಪ್ಪಗಳ ದಾಸ್ತಾನಿಗೆ ಅಧಿಕಮಾಸದ ಚಿಂತೆಯಿಲ್ಲ. ನಮ್ಮಲ್ಲಿ ಮಕರ ಸಂಕ್ರಾಂತಿ ಇದೇ ಬಗೆಯ ಸೌರಮಾನದ ಹಬ್ಬ.

ಎರಡು ಯುಗಾದಿಯ ವರ್ಷ, ಯುಗಾದಿಯಿಲ್ಲದ ವರ್ಷ

ಯುಗಾದಿಯು ಆರ್ಥಿಕ ವರ್ಷದ ಗಡಿಯ ಮೇಲೆಯೇ ಬರುವ ಹಬ್ಬ. 2022ರಲ್ಲಿ ಅದು ಏಪ್ರಿಲ್ 2ರಂದು ಬಂದಿತು. 2023ರಲ್ಲಿ ಮಾರ್ಚ್ 22ರಂದು. 2024ರಲ್ಲಿ ಏಪ್ರಿಲ್ 9ರಂದು. 2025ರಲ್ಲಿ ಮಾರ್ಚ್ 30ರಂದು. ಇದರ ಫಲವಾಗಿ 2022-23ರಲ್ಲಿ ಎರಡು ಯುಗಾದಿಗಳು ಬಂದವು. 2023-24ರಲ್ಲಿ ಒಂದೂ ಇರಲಿಲ್ಲ. 2024-25ರಲ್ಲಿ ಮತ್ತೆ ಎರಡು. 2026ರ ಯುಗಾದಿ ಮಾರ್ಚ್ 19ರಂದು, 2027ರದು ಏಪ್ರಿಲ್ 7ರಂದು. ಆದುದರಿಂದ 2026-27 ಕೂಡ ಯುಗಾದಿಯಿಲ್ಲದ ವರ್ಷವೇ. ಈ ಎರಡು ಯುಗಾದಿಗಳ ನಡುವಿನ ಪರಾಭವ ಸಂವತ್ಸರವು 384 ದಿನಗಳದ್ದು.

ಬಟ್ಟೆ, ಚಿನ್ನ, ದ್ವಿಚಕ್ರ ವಾಹನ ಮಾರುವವರಿಗೆ ಇದು ಸಣ್ಣ ಸಂಗತಿಯಲ್ಲ. ಯುಗಾದಿಯಿಲ್ಲದ ವರ್ಷದಲ್ಲಿ ಮಾರಾಟ ತಗ್ಗಿದಂತೆ ಕಂಡರೆ, ಕ್ಯಾಶ್ ಕ್ರೆಡಿಟ್ ಮಿತಿಯ ನವೀಕರಣದ ವೇಳೆಗೆ ಬ್ಯಾಂಕಿನವರು ಕಾರಣ ಕೇಳುವುದು ಸಹಜ. ಎರಡು ಯುಗಾದಿ ಬಂದ ವರ್ಷದ ಏರಿಕೆಯನ್ನು ನಿಜವಾದ ಬೆಳವಣಿಗೆಯೆಂದು ಭಾವಿಸಿ ಮುಂದಿನ ವರ್ಷಕ್ಕೆ ದಾಸ್ತಾನು ಹೆಚ್ಚಿಸಿದವರ ಬಂಡವಾಳ ಗೋದಾಮಿನಲ್ಲಿ ಸಿಕ್ಕಿಬೀಳುತ್ತದೆ.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ಹಬ್ಬದ ದಿನ ಬೇರೆ, ಹಬ್ಬದ ಖರೀದಿಯ ದಿನಗಳು ಬೇರೆ. ಏಪ್ರಿಲ್ 2ರ ಯುಗಾದಿಯ ಬಟ್ಟೆ ಖರೀದಿ ಬಹುಪಾಲು ಮಾರ್ಚ್ ಕೊನೆಯ ವಾರದಲ್ಲಿಯೇ ಮುಗಿದಿರುತ್ತದೆ. ಬಿಡಿಭಾಗ ತಯಾರಕರ ರವಾನೆ ಅದಕ್ಕೂ ಮೊದಲೇ ಆಗಿರುತ್ತದೆ. ಆದುದರಿಂದ ಪ್ರತಿಯೊಬ್ಬರೂ ತಮ್ಮ ವ್ಯವಹಾರದಲ್ಲಿ ಹಬ್ಬಕ್ಕೆ ಎಷ್ಟು ದಿನ ಮೊದಲು ಬೇಡಿಕೆ ಆರಂಭವಾಗುತ್ತದೆಂಬುದನ್ನು ಹಳೆಯ ಬಿಲ್ಲುಗಳಿಂದ ಕಂಡುಕೊಂಡು, ಆ ದಿನಗಳ ಮಾರಾಟವನ್ನು ಹೋಲಿಸಬೇಕು.

ದೀಪಾವಳಿ ವರ್ಷ

ಹಿಂದೆ ಈ ತೊಡಕಿಗೆ ವ್ಯಾಪಾರಸ್ಥರದೇ ಆದ ಪರಿಹಾರವಿತ್ತು. 1961ರ ಆದಾಯ ತೆರಿಗೆ ಕಾಯ್ದೆಯಡಿ ಬಹುಕಾಲದವರೆಗೆ ‘ಹಿಂದಿನ ವರ್ಷ’ವನ್ನು ಆಯ್ದುಕೊಳ್ಳುವ ಅವಕಾಶವಿದ್ದುದರಿಂದ, ಅನೇಕರು ದೀಪಾವಳಿಗೆ ವಹಿ ಮುಗಿಸಿ ಪಾಡ್ಯದಂದು ಹೊಸ ವಹಿ ಪೂಜಿಸುತ್ತಿದ್ದರು. ಆ ಲೆಕ್ಕದ ವರ್ಷದಲ್ಲಿ ಪ್ರತಿ ಹಬ್ಬವೂ ಒಮ್ಮೆಯೇ ಬರುತ್ತಿತ್ತು. ಆದರೆ ಅಧಿಕಮಾಸ ಬಂದಾಗ ಆ ವರ್ಷಕ್ಕೆ ಹದಿಮೂರು ತಿಂಗಳುಗಳಾಗುತ್ತಿದ್ದವು. 1987ರ ತಿದ್ದುಪಡಿ ಕಾಯ್ದೆಯ ಮೂಲಕ, 1989-90ರ ಕರನಿರ್ಧಾರಣ ವರ್ಷದಿಂದ ಎಲ್ಲರಿಗೂ ಏಪ್ರಿಲ್-ಮಾರ್ಚ್ ವರ್ಷವೇ ಕಡ್ಡಾಯವಾಯಿತು. 2026ರ ಏಪ್ರಿಲ್ 1ರಿಂದ ಅನ್ವಯಿಸುವ 2025ರ ಆದಾಯ ತೆರಿಗೆ ಕಾಯ್ದೆಯ ‘ತೆರಿಗೆ ವರ್ಷ’ವೂ ಏಪ್ರಿಲ್ 1ರಂದೇ ಆರಂಭವಾಗುತ್ತದೆ. ವಹಿ ಪೂಜೆ ಉಳಿದಿದೆ, ವಹಿಯ ವರ್ಷ ಬದಲಾಗಿದೆ.

ಅಧಿಕಮಾಸ ಮತ್ತು ಉಪವಾಸ

ಅಧಿಕಮಾಸದಲ್ಲಿ ವಿವಾಹ, ಗೃಹಪ್ರವೇಶಗಳನ್ನು ಸಾಮಾನ್ಯವಾಗಿ ನಡೆಸುವುದಿಲ್ಲ. 2026ರ ಅಧಿಕ ಜ್ಯೇಷ್ಠವು ಮೇ 17ರಿಂದ ಜೂನ್ 15ರವರೆಗೆ, ಅಂದರೆ ಲಗ್ನಸರಾಯಿಯ ನಡುವೆ ಬರುವಂಥದು. ಕಾರ್ಯಾಲಯ, ಬಟ್ಟೆ, ಪಾತ್ರೆಗಳ ವ್ಯಾಪಾರಕ್ಕೆ ಇದು ಹಿನ್ನಡೆ. ಆದರೆ ಬೆಳಗಾವಿ-ಖಾನಾಪುರ ಭಾಗದ ಮರಾಠಿ ಮನೆಗಳಲ್ಲಿ ‘ಧೋಂಡಾ’ ಎಂದು ಕರೆಯುವ ಈ ಮಾಸದಲ್ಲಿ ಅಳಿಯನನ್ನು ಕರೆಸಿ ಅನಾರಸ, ದೀಪ, ಪಾತ್ರೆಗಳನ್ನು ಕೊಡುವ ಪದ್ಧತಿಯಿದೆ. ಬೆಳ್ಳಿ ಮತ್ತು ತಾಮ್ರದ ಸಾಮಾನು ಮಾರುವವರಿಗೆ ಅಷ್ಟು ಬೇಡಿಕೆ ದೊರೆಯುತ್ತದೆ.

ಸಾಮಾನ್ಯ ವರ್ಷದಲ್ಲಿ 24 ಏಕಾದಶಿಗಳಿದ್ದರೆ ಅಧಿಕಮಾಸದ ವರ್ಷದಲ್ಲಿ 26. ಪಂಢರಪುರದ ವಾರಕರಿಗಳ ಆಷಾಢ ಏಕಾದಶಿ 2025ರಲ್ಲಿ ಜುಲೈ 6ರಂದು, 2026ರಲ್ಲಿ ಜುಲೈ 25ರಂದು. ಸಾಬುದಾಣಿ, ಶೇಂಗಾ, ಖರ್ಜೂರಗಳ ಖರೀದಿ ಈ ತಿಥಿಗಳನ್ನೇ ನೋಡಿ ಆಗಬೇಕು. ಶ್ರಾವಣವೇ ಅಧಿಕವಾದಾಗ ಗೊಂದಲ ಹೆಚ್ಚು. 2023ರಲ್ಲಿ ಜುಲೈ 18ರಿಂದ ಆಗಸ್ಟ್ 16ರವರೆಗೆ ಅಧಿಕ ಶ್ರಾವಣವಿತ್ತು. ಸೋಮವಾರದ ವ್ರತ, ನಾಗರ ಪಂಚಮಿಗಳು ಅನಂತರದ ನಿಜ ಶ್ರಾವಣಕ್ಕೆ ಸೇರಿದವು. ಗೋಡೆಯ ಕ್ಯಾಲೆಂಡರಿನಲ್ಲಿ ‘ಶ್ರಾವಣ’ ಎಂಬ ಹೆಸರನ್ನಷ್ಟೇ ನೋಡಿ ಮಾಲು ತರಿಸಿದರೆ ಒಂದು ತಿಂಗಳು ಮೊದಲೇ ಹಣ ಕಟ್ಟಿದಂತಾಗುತ್ತದೆ.

ರಜೆ ಮತ್ತು ಬೋನಸ್

1963ರ ಕರ್ನಾಟಕ ಕೈಗಾರಿಕಾ ಸಂಸ್ಥೆಗಳ (ರಾಷ್ಟ್ರೀಯ ಮತ್ತು ಹಬ್ಬದ ರಜೆಗಳು) ಕಾಯ್ದೆಯು ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2 ಮತ್ತು ನವೆಂಬರ್ 1ರ ಜೊತೆಗೆ ಐದು ಹಬ್ಬದ ರಜೆಗಳನ್ನು ವಿಧಿಸುತ್ತದೆ. ಆ ದಿನ ಕೆಲಸ ಮಾಡಿಸಿದರೆ ಇಮ್ಮಡಿ ಪಗಾರ, ಇಲ್ಲವೇ ಪಗಾರದೊಡನೆ ಬದಲಿ ರಜೆ ಕೊಡಬೇಕು. ಐದು ಹಬ್ಬಗಳನ್ನು ಆರಿಸುವಾಗ ಪ್ರತಿವರ್ಷ ಹಳೆಯ ಪಟ್ಟಿಯನ್ನೇ ನಕಲು ಮಾಡುವುದು ಸರಿಯಲ್ಲ. 2025ರಲ್ಲಿ ವಿಜಯದಶಮಿಯು ಅಕ್ಟೋಬರ್ 2ರಂದೇ ಬಂದಿತು. ಅಂಥ ವರ್ಷ ಖಂಡೇನವಮಿಯನ್ನು ಪಟ್ಟಿಗೆ ಸೇರಿಸಿಕೊಂಡರೆ ಕಾರ್ಮಿಕರಿಗೂ ನ್ಯಾಯ, ತಕರಾರಿಗೂ ಆಸ್ಪದವಿಲ್ಲ. ಗಡಿಭಾಗದಲ್ಲಿ ಇನ್ನೊಂದು ಎಚ್ಚರ ಬೇಕು. 2023ರಲ್ಲಿ ಗಣೇಶ ಚತುರ್ಥಿಯ ಸರಕಾರಿ ರಜೆ ಕರ್ನಾಟಕದಲ್ಲಿ ಸೆಪ್ಟೆಂಬರ್ 18ರಂದು, ಮಹಾರಾಷ್ಟ್ರದಲ್ಲಿ 19ರಂದು ಇತ್ತು. ಕೊಲ್ಹಾಪುರ-ಪುಣೆಯ ಗಿರಾಕಿಗಳಿಗೆ ರವಾನೆಯ ದಿನ ಗೊತ್ತುಪಡಿಸುವಾಗ ಎರಡೂ ಪಟ್ಟಿಗಳನ್ನು ನೋಡುವುದು ಒಳಿತು.

ಬೋನಸನ್ನು ಲೆಕ್ಕದ ವರ್ಷ ಮುಗಿದ ಎಂಟು ತಿಂಗಳೊಳಗೆ ಕೊಡಬೇಕೆಂಬ 1965ರ ಕಾಯ್ದೆಯ ನಿಯಮವು 2019ರ ವೇತನ ಸಂಹಿತೆಯಲ್ಲಿಯೂ ಮುಂದುವರಿದಿದೆ. ಅದರಂತೆ ನವೆಂಬರ್ 30ರವರೆಗೆ ಕಾಲಾವಕಾಶವಿದ್ದರೂ ಕಾರ್ಮಿಕರ ನಿರೀಕ್ಷೆ ದೀಪಾವಳಿಗೆ ಮೊದಲು ಕೈಸೇರಬೇಕೆಂಬುದು. 2025ರಲ್ಲಿ ಈ ಹಣ ಅಕ್ಟೋಬರ್ ಮಧ್ಯಕ್ಕೇ ಬೇಕಾಯಿತು. ನರಕ ಚತುರ್ದಶಿಯು ಜಿಎಸ್‌ಟಿ ಮಾಸಿಕ ವಿವರಣೆಯ ಕೊನೆಯ ದಿನವಾದ ಅಕ್ಟೋಬರ್ 20ರಂದೇ ಬಂದು, ಆ ಗಡುವನ್ನು 25ರವರೆಗೆ ವಿಸ್ತರಿಸಬೇಕಾಯಿತು. 2026ರಲ್ಲಿ ದೀಪಾವಳಿ ನವೆಂಬರ್ ಎರಡನೆಯ ವಾರದಲ್ಲಿರುವುದರಿಂದ ಬೋನಸಿಗೆ ಮೂರು ವಾರಗಳಷ್ಟು ಹೆಚ್ಚಿನ ಸಮಯವಿದೆ. ಬರಬೇಕಾದ ಉದ್ರಿ ವಸೂಲಿಗೆ ಈ ಕಾಲವನ್ನು ಬಳಸಿಕೊಳ್ಳಬಹುದು.

ಮಾಡಬೇಕಾದುದು ಇಷ್ಟೆ. ಹೊಸ ಪಂಚಾಂಗ ಕೈಸೇರಿದೊಡನೆ ಪ್ರಮುಖ ಹಬ್ಬ, ಉಪವಾಸ, ಜಾತ್ರೆಗಳ ಮೂರು ವರ್ಷದ ದಿನಾಂಕಗಳನ್ನು ಒಂದು ಹಾಳೆಯಲ್ಲಿ ಸಾಲಾಗಿ ಬರೆದಿಡಬೇಕು. ಅದರ ಪಕ್ಕದಲ್ಲಿ ತೆರಿಗೆಯ ಗಡುವು, ಬೋನಸ್ ಮತ್ತು ರಜೆಗಳನ್ನು ಗುರುತಿಸಬೇಕು. ಬ್ಯಾಂಕಿಗೆ ಒಪ್ಪಿಸುವ ಅಂದಾಜು ಪತ್ರಿಕೆಯೊಡನೆ, ಆ ವರ್ಷ ಯಾವ ಹಬ್ಬ ಯಾವ ತಿಂಗಳಿಗೆ ಸರಿದಿದೆ ಎಂಬ ಒಂದು ಟಿಪ್ಪಣಿಯನ್ನೂ ಲಗತ್ತಿಸಬೇಕು. ಆಗ ಮಾರಾಟದ ಏರಿಳಿತದಲ್ಲಿ ಪೇಟೆಯ ಪಾಲೆಷ್ಟು, ಪಂಚಾಂಗದ ಪಾಲೆಷ್ಟು ಎಂಬುದು ಸ್ಪಷ್ಟವಾಗುತ್ತದೆ.