ಹತ್ತು ಮೀಟರ್ ಯುದ್ಧ, ಒಂದು ಮೀಟರ್ ಮದುವೆ

ಮೊರಾಕ್ಕೊ ಮೇಲೆ ಸ್ಪೇನ್ 1859ರಲ್ಲಿ ಯುದ್ಧಕ್ಕಿಳಿದಾಗ ಬಾರ್ಸಿಲೋನಾದ ಪ್ರಾಂತೀಯ ಆಡಳಿತಕ್ಕೆ ತಮ್ಮ ನಾಡಿನ ಸೈನಿಕರ ಶೌರ್ಯವನ್ನು ಬಣ್ಣದಲ್ಲಿ ಹಿಡಿದಿಡುವ ಆಸೆಯಾಯಿತು. ಯುದ್ಧಭೂಮಿಗೆ ಕಳಿಸಲು ಅವರು ಆರಿಸಿದ್ದು ಚಿತ್ರಕಾರ ಮರಿಯಾನೋ ಫೋರ್ತುನಿಯನ್ನು. ಆಗವನಿಗೆ ಇಪ್ಪತ್ತೊಂದು ವರ್ಷ.

ಫೋರ್ತುನಿ ಹುಟ್ಟಿದ್ದು 1838ರಲ್ಲಿ, ಕ್ಯಾಟಲೋನಿಯಾದ ರೇಯುಸ್ ಪಟ್ಟಣದಲ್ಲಿ. ಚಿಕ್ಕಂದಿನಲ್ಲೇ ತಬ್ಬಲಿಯಾದ ಹುಡುಗನನ್ನು ಸಾಕಿದವನು ಅಜ್ಜ. ಆ ಅಜ್ಜ ಬಡಗಿ. ಮೇಣದ ಬೊಂಬೆಗಳನ್ನು ಮಾಡಿ ಊರೂರು ತಿರುಗಿ ತೋರಿಸುತ್ತಿದ್ದ. 1852ರಲ್ಲಿ ಅಜ್ಜ ಮೊಮ್ಮಗ ಇಬ್ಬರೂ ನಡೆದುಕೊಂಡೇ ಬಾರ್ಸಿಲೋನಾ ಸೇರಿದರು. ಅಲ್ಲಿನ ಕಲಾಶಾಲೆಯಿಂದ ರೋಮ್‌ಗೆ ಹೋಗಲು ವಿದ್ಯಾರ್ಥಿವೇತನ ಸಿಕ್ಕಿತು. ಇಷ್ಟು ಹೊತ್ತಿಗೆ ಮೊರಾಕ್ಕೊದ ಕರೆ ಬಂದಿತ್ತು.

ಯುದ್ಧ ನೋಡಲು ಹೋದವನ ಕಣ್ಣಿಗೆ ಬಿದ್ದದ್ದು ಬಿಸಿಲು. ಸುಣ್ಣ ಬಳಿದ ಗೋಡೆಗಳು, ಕುದುರೆಗಳು, ಮಾರುಕಟ್ಟೆಯ ಜನ, ಕಣ್ಣು ಕುಕ್ಕುವ ಆಕಾಶ. ರೇಖಾಚಿತ್ರಗಳ ಕಟ್ಟು ಕಟ್ಟಿಕೊಂಡು ಮರಳಿದ. ಸಾಲದೆಂದು 1862ರಲ್ಲಿ ಮತ್ತೆ ಹೋದ. ಆ ಯುದ್ಧದ ತೆತುವಾನ್ ಕದನದ ಚಿತ್ರಕ್ಕೆ ಮಾದರಿಯಾಗಿ ನೋಡಿಬರಲು ಅವನನ್ನು ವರ್ಸೈಗೂ ಕಳಿಸಿದರು. ಒರಾಸ್ ವರ್ನೆಯ ದೈತ್ಯ ಯುದ್ಧಚಿತ್ರ ಅಲ್ಲಿತ್ತು. ಫೋರ್ತುನಿ ಹಿಡಿದ ಕ್ಯಾನ್‌ವಾಸ್ ಮೂರು ಮೀಟರ್ ಎತ್ತರ, ಹತ್ತಿರ ಹತ್ತಿರ ಹತ್ತು ಮೀಟರ್ ಅಗಲ. ವರ್ಷಗಟ್ಟಲೆ ತಿದ್ದಿದರೂ ಅದು ಮುಗಿಯಲಿಲ್ಲ. ಇಂದು ಬಾರ್ಸಿಲೋನಾದ ರಾಷ್ಟ್ರೀಯ ಕಲಾ ಸಂಗ್ರಹಾಲಯದಲ್ಲಿರುವ ಆ ಚಿತ್ರದಲ್ಲಿ ಗೆದ್ದವರ ಗತ್ತಿಗಿಂತ ಧೂಳು, ಗೊಂದಲಗಳೇ ಹೆಚ್ಚು. ಹಣ ಕೊಟ್ಟವರಿಗೆ ಬೇಕಿದ್ದದ್ದು ಇದಲ್ಲವೇನೋ. ನನಗಂತೂ ಅದೇ ಅದರ ಹೆಚ್ಚುಗಾರಿಕೆ ಎನಿಸುತ್ತದೆ.

ಹೆಸರು ತಂದುಕೊಟ್ಟದ್ದು ಬೇರೆಯದೇ ಚಿತ್ರ. 1867ರಲ್ಲಿ ಅವನು ಪ್ರಾಡೊ ಸಂಗ್ರಹಾಲಯದ ನಿರ್ದೇಶಕರಾಗಿದ್ದ ಫೆದೆರಿಕೊ ದೆ ಮದ್ರಾಸೊ ಅವರ ಮಗಳು ಸೆಸಿಲಿಯಾಳನ್ನು ಮದುವೆಯಾದ. ‘ಲಾ ವಿಕಾರಿಯಾ’ ಎಂಬ ಚಿತ್ರ ಮೊಳೆತದ್ದು ಆ ದಿನಗಳಲ್ಲೇ. ಹಲಗೆಯ ಅಗಲ ಒಂದು ಮೀಟರ್ ಕೂಡ ಇಲ್ಲ. ಚರ್ಚಿನ ಒಳಕೋಣೆಯಲ್ಲಿ ಮದುವೆ ಪತ್ರಕ್ಕೆ ಸಹಿ ನಡೆದಿದೆ. ವಯಸ್ಸಾದ ಮದುಮಗ ಬಗ್ಗಿ ಸಹಿ ಹಾಕುತ್ತಿದ್ದರೆ, ಎಳೆಯ ಮದುಮಗಳು ಅತ್ತ ಲಕ್ಷ್ಯವಿಲ್ಲದೆ ಗೆಳತಿಯೊಂದಿಗೆ ಮಾತಿಗಿಳಿದಿದ್ದಾಳೆ. ಕಬ್ಬಿಣದ ಜಾಲರಿಯ ಸುರುಳಿಗಳು, ರೇಷ್ಮೆಯ ಮಿನುಗು ಎಲ್ಲವೂ ಕುಂಚದ ಸಣ್ಣ ಸಣ್ಣ ಚುಕ್ಕೆಗಳಲ್ಲಿ ಮೂಡಿವೆ. ಪ್ಯಾರಿಸ್ಸಿನ ಕಲಾವ್ಯಾಪಾರಿ ಗುಪಿಲ್ 1870ರಲ್ಲಿ ಇದನ್ನು ಪ್ರದರ್ಶಿಸಿದಾಗ ಕವಿ, ವಿಮರ್ಶಕ ತಿಯೋಫಿಲ್ ಗೊತಿಯೆ ಹಾಡಿ ಹೊಗಳಿದ. ಅದು 70,000 ಫ್ರಾಂಕ್‌ಗೆ ಮಾರಾಟವಾಯಿತು. ಅಂದಿಗೆ ಅದು ಊರೆಲ್ಲ ಮಾತಾಡಿಕೊಂಡ ಬೆಲೆ.

ಅಲ್ಲಿಂದ ಶುರುವಾಯಿತು ಸಂಕಟ. ಕೊಳ್ಳುವವರಿಗೆಲ್ಲ ಅದೇ ಹದಿನೆಂಟನೇ ಶತಮಾನದ ಪೋಷಾಕು, ಅದೇ ನಯಗಾರಿಕೆ ಬೇಕು. ಅವನಿಗೋ ಬೇಸರ. ಅದೇ ವರ್ಷ ಸಂಸಾರ ಸಮೇತ ಗ್ರಾನಡಾಕ್ಕೆ ಹೋಗಿ ಎರಡು ವರ್ಷ ನಿಂತ. ಅಲ್ಲಿ ಬರೆದ ‘ಬಿಸಿಲಲ್ಲಿ ಬೆತ್ತಲೆ ಮುದುಕ’ ನೋಡಿದರೆ ಅವನು ಯಾರನ್ನೂ ಮೆಚ್ಚಿಸಲು ಹೊರಟಿಲ್ಲವೆಂದು ತಿಳಿಯುತ್ತದೆ: ಬಿಸಿಲಿಗೆ ಒಡ್ಡಿದ ಮುಖ, ಎದೆಗೂಡುಗಳ ಮೇಲೆ ಇಡೀ ಗಮನ, ಕೆಳಗಿನ ಭಾಗ ಬರೀ ಗೀಚು.

ಹಳೆಯ ವಸ್ತುಗಳ ಹುಚ್ಚೂ ಅವನಿಗಿತ್ತು. ಗ್ರಾನಡಾ ಬಳಿಯ ಸಲಾರ್ ಎಂಬ ಹಳ್ಳಿಯ ಚರ್ಚಿನಿಂದ ಮೂರ್ ಮುಸ್ಲಿಮರ ಕಾಲದ ದೊಡ್ಡ ಹೂಜಿಯೊಂದನ್ನು ಕೊಂಡುಕೊಂಡ. ಅದೀಗ ರಷ್ಯದ ಹರ್ಮಿಟೇಜ್‌ನಲ್ಲಿ ಅವನ ಹೆಸರಿನಲ್ಲೇ ನಿಂತಿದೆ.

1874ರ ಬೇಸಿಗೆಯನ್ನು ನೇಪಲ್ಸ್ ಹತ್ತಿರದ ಪೊರ್ತಿಚಿಯಲ್ಲಿ ಕಳೆದ. ಸಮುದ್ರತೀರ, ಮರಳು, ಜಪಾನಿ ಕೋಣೆಯಲ್ಲಿ ಒರಗಿದ ತನ್ನ ಇಬ್ಬರು ಮಕ್ಕಳು: ಮಾರಾಟದ ಚಿಂತೆಯಿಲ್ಲದೆ ಬರೆದ ಆ ಚಿತ್ರಗಳಲ್ಲಿ ಬಣ್ಣ ಹಗುರಾಗಿದೆ, ಕೈ ಸಡಿಲಗೊಂಡಿದೆ. ಅದೇ ವರ್ಷ ಪ್ಯಾರಿಸ್ಸಿನಲ್ಲಿ ಇಂಪ್ರೆಷನಿಸ್ಟರ ಮೊದಲ ಪ್ರದರ್ಶನ ನಡೆದಿತ್ತು. ಅವರ ಗುಂಪಿಗೆ ಸೇರದೆಯೇ ಫೋರ್ತುನಿ ಬೆಳಕಿನತ್ತ ತನ್ನದೇ ದಾರಿಯಲ್ಲಿ ಹೊರಟಿದ್ದ.

ಆ ನವೆಂಬರ್ 21ರಂದು ರೋಮ್‌ನಲ್ಲಿ ಅವನು ತೀರಿಕೊಂಡ. ವಯಸ್ಸು 36. ದೇಹವನ್ನು ಅಲ್ಲೇ ಮಣ್ಣುಮಾಡಿ, ಹೃದಯವನ್ನು ರೇಯುಸ್‌ನ ಸಂತ ಪೀಟರ್ ಚರ್ಚಿಗೆ ಕಳಿಸಿದರು. ಮರುವರ್ಷ ಪ್ಯಾರಿಸ್ಸಿನಲ್ಲಿ ಅವನ ಸ್ಟುಡಿಯೊದ ಸಾಮಾನು ಹರಾಜಾಯಿತು. ಮುಗಿಯದ ತೆತುವಾನ್ ಕದನ ಬಾರ್ಸಿಲೋನಾದ ಆಡಳಿತದ ಕೈಸೇರಿದ್ದು ಕೂಡ ಅವನು ಹೋದ ಮೇಲೆಯೇ.